ಕೋರ್ಟಿನವರು ಎಣಿಸಿದ ಬೆಂಚುಗಳು

ಕೊಪ್ಪಳ,
೨೧೯೪, ಹದಿಮೂರನೇ ತಿಂಗಳು, ತಾರೀಖು ನಾಲ್ಕು

ಹಿಂದಿನ ಕಾಲದವರಿಗೆ,

ಹದಿಮೂರನೇ ತಿಂಗಳೆಂದರೆ ನಿಮಗೆ ನಗು ಬರಬಹುದು. ಬೇಸಗೆ ಉದ್ದವಾದ ಮೇಲೆ ಉಳಿದ ತಿಂಗಳುಗಳನ್ನು ಕಿರಿದು ಮಾಡಿ ಸರ್ಕಾರವೇ ಅದನ್ನು ಸೇರಿಸಿತು, ಬಿಸಿತಿಂಗಳು ಎನ್ನುತ್ತೇವೆ. ನಾನು ಎಂಟನೇ ಇಯತ್ತೆಗೆ ಶಾಲೆ ಬಿಟ್ಟವಳು. ನನ್ನ ಮಾತು ವಿಚಿತ್ರ ಎನಿಸಿದರೆ ಕ್ಷಮಿಸಿ. ಸುಳ್ಳಂತೂ ಬರೆಯುವುದಿಲ್ಲ.

ನಮ್ಮ ಮುತ್ತಜ್ಜಂದಿರು ಮುಳುಗಿದ ದ್ವೀಪಗಳಿಂದ ಇಲ್ಲಿಗೆ ಬಂದವರು. ನಾವು ಆಡುವುದು ಕನ್ನಡ, ತಿನ್ನುವುದು ಜೋಳದ ರೊಟ್ಟಿ. ಆದರೂ ಹುಟ್ಟಿದಾಗ ಕೊಡುವ ಕುಲಚೀಟಿಯಲ್ಲಿ ‘ಕಡಲವರು’ ಎಂದು ಬರೆದಿರುತ್ತದೆ. ಆ ಚೀಟಿ ನೋಡಿಯೇ ಶಾಲೆ. ನಮಗೊಂದು, ನೆಲದವರಿಗೊಂದು. ಎರಡೂ ಸಮಾನವಾಗಿದ್ದರೆ ಬೇರೆ ಇಡುವುದು ತಪ್ಪಲ್ಲ ಎನ್ನುತ್ತದೆ ಕಾಯ್ದೆ.

ಅದರ ವಿರುದ್ಧ ನಮ್ಮ ಲೆಮೋ ಮಾಸ್ತರು ಹನ್ನೊಂದು ವರ್ಷ ಕೋರ್ಟಿಗೆ ಅಲೆದರು. ಕೊನೆಗೆ ಎರಡೂ ಶಾಲೆಗಳನ್ನು ನೋಡಿಬರಲು ಕೋರ್ಟು ಮೂವರನ್ನು ಕಳಿಸಿತು. ಸುದ್ದಿ ತಿಳಿದದ್ದೇ ಓಣಿಯ ಹೆಂಗಸರು ನಮ್ಮ ಶಾಲೆ ಗುಡಿಸಲು ಪೊರಕೆ ಹಿಡಿದರು.

“ಅವ್ವಾರ, ಹರಕ ಚಾಪೀನ ನಮ್ಮ ಸಾಕ್ಷಿ, ಇರಲಿ ಬಿಡ್ರಿ” ಎಂದು ಮಾಸ್ತರು ಬೇಡಿಕೊಂಡರು.

“ಬೀಗರು ಬಂದ್ರ ಹರಕ ಚಾಪಿ ಹಾಸ್ತೀರೇನ್ರಿ ಸರ? ಮಂದಿ ಮುಂದ ಮಾನ ಕಳೀಬ್ಯಾಡ್ರಿ!” ಎಂದು ನಮ್ಮವ್ವ ಅವರನ್ನೇ ಗದರಿಸಿ ಗೋಡೆಗೆ ಸುಣ್ಣ ಬಳಿದಳು.

ಮದುವೆ ಮಂಟಪದಿಂದ ಬೆಂಚುಗಳು ಬಂದವು. ಸೋರಿದ ಗೋಡೆಗೆ ನಮ್ಮ ಮನೆಯ ಬೀರು ಅಡ್ಡ ನಿಂತಿತು. ಬಂದ ಮೂವರೂ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು, ಬೆಂಚು ಎಣಿಸಿಕೊಂಡು ಹೋದರು. ಮರುದಿನ ಮಂಟಪದವರು ಬೆಂಚು ಒಯ್ದರು.

ಕೋರ್ಟಿನಲ್ಲಿ ನಾನು ಸಾಕ್ಷಿ. ಬೆಂಚಿನ ಮೇಲೆ ಕೂತಿದ್ದೆಯಾ ಎಂದು ಸರ್ಕಾರಿ ವಕೀಲ ಕೇಳಿದ. ಕೂತಿದ್ದೆ ಎಂದೆ. ಅವು ಎಲ್ಲಿಂದ ಬಂದವು ಎಂಬುದನ್ನೂ ಹೇಳಿದೆ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮೂವರು ಕಣ್ಣಾರೆ ಕಂಡದ್ದನ್ನು ಹುಡುಗಿಯೊಬ್ಬಳ ಮಾತು ಅಳಿಸಲಾರದು ಎಂದು ತೀರ್ಪಾಯಿತು. ಶಾಲೆಗಳು ಸಮಾನ.

ಅಂದೇ ನಾನು ಶಾಲೆ ಬಿಟ್ಟೆ. ನಾಳೆ ಆರು ವರ್ಷದ ತಂಗಿ ಸೀನಾಳ ಹೆಸರನ್ನು ಅಲ್ಲೇ ಬರೆಸುತ್ತಾರೆ. ಅವ್ವನ ಮೇಲೆ ಸಿಟ್ಟು ಮಾಡಲು ನನ್ನಿಂದಾಗುತ್ತಿಲ್ಲ. ಬೆಂಚುಗಳು ನಮ್ಮವೇ ಆಗಿದ್ದರೂ ಆ ಶಾಲೆ ನನಗೆ ಬೇಡವಾಗಿತ್ತು; ಅದನ್ನು ಕೋರ್ಟಿನಲ್ಲಿ ಯಾರೂ ಕೇಳಲಿಲ್ಲ.

ನಿಮ್ಮಲ್ಲಿ ಈ ಕಾಯ್ದೆ ಇನ್ನೂ ಹುಟ್ಟಿಲ್ಲ. ಮಕ್ಕಳನ್ನು ಬೇರೆ ಕೂಡಿಸುವ ಮಾತು ಎದ್ದ ದಿನವೇ ಬೇಡ ಎನ್ನಿ. ಎಷ್ಟು ಬೆಂಚು ಕೊಡುತ್ತೀರಿ ಎಂದು ಮಾತ್ರ ಕೇಳಬೇಡಿ. ನೀವು ಅದನ್ನೇ ಕೇಳಿದಿರಿ ಎಂದು ನಮ್ಮ ಹಳೆಯ ಕಾಗದಪತ್ರಗಳಲ್ಲಿದೆ. ಆದರೂ ಬರೆದಿದ್ದೇನೆ.

ತಾವಿಯಾ