ಕುರಿ ಕರುಳಿನ ಭರವಸೆ

ಗೆಂಟ್, ನವೆಂಬರ್ 14, ಗುರುವಾರ

ನನ್ನ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಇದೆಯಂತೆ. ಸಂಜೆ ಕ್ಲಿನಿಕ್ಕಿನಲ್ಲಿ ಹೇಳಿದರು. ನನಗೀಗ ಜೊತೆಯಲ್ಲಿರುವ ಗೆಳತಿ ಲೀಸೆಲೋಟ್‌ಳದೇ ಚಿಂತೆ.

"ಕಾಂಡೋಮ್ ಇಲ್ಲದೆ ಒಮ್ಮೆಯೂ ಕೂಡಿಲ್ಲ," ಎಂದೆ, ಹೆಮ್ಮೆಯಿಂದಲೇ. ರಬ್ಬರ್ ತಾಗಿದರೆ ನನಗೆ ದದ್ದು ಏಳುತ್ತದೆ, ಅದಕ್ಕೇ ಕುರಿಯ ಕರುಳಿನಿಂದ ಮಾಡಿದ ಕಾಂಡೋಮ್ ತರಿಸಿಕೊಂಡೆ ಎಂದೂ ಹೇಳಿದೆ.

ನರ್ಸ್ ಹಿಲ್ಡಾ ಪೆನ್ನು ಕೆಳಗಿಟ್ಟರು. "ಅಯ್ಯೋ ಮಾರಾಯ, ಅದು ಬಸಿರು ತಡೆಯುತ್ತೆ ಅಷ್ಟೆ. ಆ ಕರುಳಲ್ಲಿರೋ ಸಣ್ಣ ತೂತಲ್ಲಿ ವೀರ್ಯಾಣು ತೂರಲ್ಲ, ವೈರಸ್ ತೂರುತ್ತೆ. ರಬ್ಬರ್ ಆಗದವ್ರಿಗೆ ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್ಕಿಂದು ಇದೆಯಲ್ಲಪ್ಪ! ನೀನು ಓದಿದ ಇಂಗ್ಲೆಂಡಿನ ಹಾಸ್ಟೆಲ್ ಶಾಲೇಲಿ ಏನ್ ಕಲಿಸಿದ್ರು?"

"ರಗ್ಬಿ," ಎಂದೆ.

ಅವರು ನಗಲಿಲ್ಲ. "ಹುಡುಗಿಗೆ ಲಸಿಕೆ ಆಗಿದ್ಯಾ ಕೇಳು. ಆಗಿಲ್ದಿದ್ರೆ ನಾಳೇನೇ ಕರ್ಕೊಂಡ್ ಬಾ."

ಕೇಳಬೇಕೆಂದರೆ ಎಲ್ಲವನ್ನೂ ಹೇಳಬೇಕು. ಹೇಳಿದರೆ ಬಿಟ್ಟು ಹೋದಾಳು. ಹೇಳದಿದ್ದರೆ ಅವಳ ಯಕೃತ್ತು... ಎಂಟು ವರ್ಷ ಹಾಸ್ಟೆಲಿನಲ್ಲಿ ಬಾಯಿ ಮುಚ್ಚಿಕೊಂಡೇ ಪಾರಾದವನು ನಾನು. ಇಲ್ಲಿ ಅದು ನಡೆಯುವಂತಿಲ್ಲ.

ಪಕ್ಕದ ಕೋಣೆಯಿಂದ ಲೀಸೆಲೋಟ್ ಕೂಗಿದಳು: "ಏನ್ ಇಂಗ್ಲಿಷ್ ಸಾಹೇಬ್ರೇ, ಸೂಪು ಆರ್ತಾ ಇದೆ, ಬರ್ತೀರೋ ಇಲ್ವೋ?"

"ಬಂದೆ" ಎಂದು ಹೇಳಿ ಹತ್ತು ನಿಮಿಷವಾಯಿತು. ಈಗ ಅವಳೇ ಬಾಗಿಲು ತಟ್ಟುತ್ತಿದ್ದಾಳೆ. ಮೊದಲು ಲಸಿಕೆಯ ಮಾತು ತೆಗೆದು, ಆಮೇಲೆ ಉಳಿದದ್ದನ್ನೂ ಹೇಳಿಬಿಡುತ್ತೇನೆ.