ಅಳತೆಗೆ ಒಯ್ದ ಸಾರು

ಯೊಕೊತೆ, ಅಕಿತಾ
೯ ಫೆಬ್ರವರಿ ೧೯೮೩

ಪ್ರೀತಿಯ ಫುಮಿಯೆ,

ಹೇಗಿದ್ದೀಯ ಮಗಳೆ? ಕೋಬೆಯಲ್ಲಿ ನಮ್ಮಷ್ಟು ಹಿಮವಿಲ್ಲವೆಂದು ಸ್ವೆಟರ್ ಹಾಕದೆ ಓಡಾಡಬೇಡ. ಅಳಿಯಂದಿರ ರಕ್ತದೊತ್ತಡ ಇನ್ನೂ ಇಳಿದಿಲ್ಲ ಎಂದು ನೀನು ಬರೆದದ್ದನ್ನು ಮತ್ತೆ ಮತ್ತೆ ಓದಿದೆ. ನಿಮ್ಮಪ್ಪ ನೀನು ಬಂದು ನೋಡಿದಾಗ ಇದ್ದ ಹಾಗೆಯೇ ಇದ್ದಾರೆ. ಬಲಗೈ ಏಳುವುದಿಲ್ಲ, ಮಾತು ಮರಳಿಲ್ಲ.

ಆ ಬೆಳಿಗ್ಗೆಯೇ ಕಣ್ಣಮುಂದೆ ಬರುತ್ತದೆ. ಸೂರಿನ ಹಿಮ ಎಳೆದುಹಾಕಿ ಬಂದು, ಚಹಾದ ಜೊತೆ ಹೊಗೆಯಲ್ಲಿ ಒಣಗಿಸಿದ ಮೂಲಂಗಿಯ ಉಪ್ಪಿನಕಾಯಿ ಒಂದು ತಟ್ಟೆ ಮುಗಿಸಿ, ಮತ್ತೆ ಸಲಿಕೆ ಹಿಡಿದವರು ಹೊಸ್ತಿಲಲ್ಲೇ ಕುಸಿದರು. ಉಪ್ಪಿನಕಾಯಿಯ ಮೇಲೂ ಸೋಯಾ ರಸ ಸುರಿದುಕೊಳ್ಳುವ ಮನುಷ್ಯ. ಚಹಾಕ್ಕೆ ಬಂದವರು ಉಪ್ಪಿನಕಾಯಿ ಬೇಡವೆಂದರೆ ಮನೆಯೊಡತಿಗೆ ಅವಮಾನ ಬೇರೆ; ನಾಲ್ಕು ಮನೆ ಸುತ್ತಿದರೆ ನಾಲ್ಕು ತಟ್ಟೆ. ಸಾರಿಗೆ ಕದಡುವ ಉಪ್ಪು ಸೋಯಾ ಮುದ್ದೆ, ಮಿಸೊ, ಚೂರು ಕಡಿಮೆಯಾದರೆ, "ಇದಕ್ಕಿಂತ ಹಿಮ ಕರಗಿಸಿ ಕೊಡೇ, ಕುಡೀತೀನಿ" ಎಂದು ಅಣಕಿಸುತ್ತಿದ್ದರು.

ಶರತ್ಕಾಲದಲ್ಲಿ ಒನೊದೆರ ಎಂಬ ನರ್ಸ್ ಊರಿನ ಸಭಾಮನೆಗೆ ಉಪ್ಪಳೆಯುವ ಯಂತ್ರ ತಂದ ಸಂಗತಿ ಬರೆದಿದ್ದೆನಲ್ಲ. ಮನೆಗೊಂದು ಬಟ್ಟಲು ಬೆಳಗಿನ ಸಾರು ಒಯ್ಯಬೇಕಿತ್ತು. ಎಲ್ಲರೆದುರು ಅಂಕಿ ಓದಿ, ನಿಮ್ಮಪ್ಪನತ್ತ ತಿರುಗಿ, "ತೊಕುಜೊ ಅವ್ರೆ, ಊರಿಗೆಲ್ಲ ನಿಮ್ಮನೆ ಸಾರಲ್ಲೇ ಉಪ್ಪು ಕಮ್ಮಿ" ಎಂದಳು. ನಿಮ್ಮಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತಟ್ಟೆ ಖಾಲಿಯಾದಾಗಲೆಲ್ಲ, "ನಮ್ಮನೇಲಿ ಉಪ್ಪೇ ಕಮ್ಮಿ, ಇನ್ನೆರಡು ಹೋಳು ಹಾಕು" ಎನ್ನುವುದು. ನಾನೂ ಹಾಕುತ್ತಿದ್ದೆ. ನೀನು ಆಗ ಅಳಿಯಂದಿರಿಗೆಂದು ಮಿಸೊ ಅಳತೆ ಕೇಳಿದೆ. ನಾಲ್ಕು ಚಮಚ ಎಂದು ಬರೆದು ಕಳಿಸಿದೆ.

ಮೊನ್ನೆ ಬಂದಿದ್ದಾಗ ನೀನು, "ಅಷ್ಟು ಕಮ್ಮಿ ಉಪ್ಪು ತಿಂದೂ ಹೀಗಾಯ್ತಲ್ಲ, ಹಣೆಬರಹ ಅಮ್ಮ" ಎಂದಾಗ ನಾನು ತಲೆಯಾಡಿಸಿದೆ. ಈಗ ಸಪ್ಪೆ ಸಾರನ್ನು ಚಮಚದಲ್ಲಿ ಕುಡಿಸುತ್ತೇನೆ. ಸುಮ್ಮನೆ ನುಂಗುತ್ತಾರೆ. ಒಂದು ಸಲ ಬೈಯಲಿ ಎಂದು ಕಾಯುತ್ತೇನೆ, ಬೈಯುವುದಿಲ್ಲ, ಅಳು ಬರುತ್ತದೆ.

ಅಳಿಯಂದಿರಿಗೆ ನಮ್ಮಿಬ್ಬರ ಆಶೀರ್ವಾದ ತಿಳಿಸು. ನಿಮ್ಮಿಬ್ಬರ ಮೈ ಗಟ್ಟಿಯಾಗಿರಲಿ.

ನಿನ್ನ ಅಮ್ಮ,
ಕಿನು

ಅಂಚೆಯವನು ಬರುವ ಹೊತ್ತಾಯಿತು, ಇದೊಂದು ಬರೆಯದಿದ್ದರೆ ಆಗದು. ಅಂದು ನಾಲ್ಕು ಜನರೆದುರು ಮಾನ ಹೋದೀತೆಂದು ಬಟ್ಟಲಿಗೆ ಕೆಟಲಿನ ಬಿಸಿನೀರು ಬೆರೆಸಿ ಒಯ್ದಿದ್ದೆ, ಅರ್ಧಕ್ಕರ್ಧ. ನಿನಗೆ ಬರೆದದ್ದು ನೀರು ಬೆರೆಸುವ ಮುಂಚಿನ ಅಳತೆ. ನಾಳೆಯಿಂದಲೇ ಎರಡು ಚಮಚ ಹಾಕು. ಅಳಿಯಂದಿರು ಬೈದರೆ ಬೈಯಲಿ ಮಗಳೆ, ಬೈಯುವ ದನಿಯೊಂದು ಉಳಿದರೆ ಸಾಕು.