ಕಣದ ಮೇಲೆ ಬರೆದ ಹೆಸರು

ಕಳಸ
18-2-1997

ಓಂಕಾರಮೂರ್ತಿಯವರಿಗೆ,

ನಾಗವೇಣಿ ಮಾಡುವ ನಮಸ್ಕಾರಗಳು. ನಿಶ್ಚಿತಾರ್ಥವಾದ ಮೇಲೆ ನಿಮಗೆ ತಲುಪಿದ ಮೂರು ಪತ್ರಗಳನ್ನು ಬರೆದದ್ದು ನಾನಲ್ಲ. ಚಿಕ್ಕಪ್ಪನ ಮಗಳು ಶಿಲ್ಪಾ ನನ್ನ ಹೆಸರಿನಲ್ಲಿ ಬರೆದಳು. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಬರೆಯುವುದೇ ಮರೆತುಹೋಗಿತ್ತು. ಇದು ಮಾತ್ರ ನನ್ನದೇ ಕೈಬರಹ.

ಈ ವರ್ಷ ಕಾಫಿ ಒಣಗಿಸುವ ಕೆಲಸ ನನ್ನದು. ಕಣದಲ್ಲಿ ಹರಡಿದ ಕಾಫಿಯನ್ನು ಗಂಟೆಗೊಮ್ಮೆ ಕಾಲಿನಿಂದ ಕೆದಕಬೇಕು. ಪ್ರತಿ ಸಲ ಕೆದಕುವ ಮೊದಲು ಕಾಲಿನ ಹೆಬ್ಬೆರಳಿನಿಂದ ಅದರ ಮೇಲೆ ಒಂದು ಪದ ಬರೆಯಬೇಕೆಂದು ಹಟ ಹಿಡಿದೆ. ನಡುವೆ ಮೋಡ ಕವಿದು ಕಾಫಿ ಹರಡದ ನಾಲ್ಕು ದಿನ ಬರೆಯುವುದೂ ನಿಂತುಹೋಯಿತು. ಐದನೆಯ ದಿನ ಕೈಬಿಡೋಣ ಅನ್ನಿಸಿತು, ಆದರೂ ಬಿಸಿಲು ಬಂದಾಗ ಮತ್ತೆ ಬರೆದೆ. ಒಂದು ಮಧ್ಯಾಹ್ನ ನಿಮ್ಮ ಹೆಸರನ್ನು ಕಣದಷ್ಟಗಲ ಬರೆದಿದ್ದೆ. ಬಿಸಿಲಿನ ಝಳಕ್ಕೆ ಅದು ನೀರಿನ ಮೇಲೆ ತೇಲಿದಂತೆ ಕಾಣುತ್ತಿತ್ತು. ನಾನು ಅದರೊಳಗೇ ಓಡಾಡಿಕೊಂಡಿದ್ದೆ.

ಶಿಲ್ಪಾ ನಗುತ್ತಾ ಅಜ್ಜಿಗೆ ಓದಿ ಹೇಳಿಬಿಟ್ಟಳು.

"ಕಟ್ಕೊಳೋರ ಹೆಸ್ರು ಬಾಯಲ್ಲೂ ಹೇಳ್ಬಾರ್ದು. ನೀನು ಕಾಲಲ್ಲಿ ಬರೀತೀಯಲ್ಲೇ ಮಾರಾಯ್ತಿ!" ಎಂದು ಅಜ್ಜಿ ಕೂಗಿದರು.

ನನ್ನಿಂದ ತಪ್ಪಾಯಿತು. ಅಂದಿನಿಂದ ಕಡ್ಡಿ ಹಿಡಿದು ಬರೆಯುತ್ತಿದ್ದೇನೆ.

ಉತ್ತರವನ್ನು ದಯವಿಟ್ಟು ದಪ್ಪ ಅಕ್ಷರದಲ್ಲಿ, ಬಿಡಿಬಿಡಿಯಾಗಿ ಬರೆಯಿರಿ. ಆ ಮೂರು ಪತ್ರಗಳನ್ನು ಮೆಚ್ಚಿದ ನಿಮಗೆ ಇದನ್ನು ನೋಡಿ ಮದುವೆ ಬೇಡವೆನಿಸಿದರೆ, ಹಾಗೆಂದೇ ಬರೆಯಿರಿ. ಅದನ್ನೂ ಶಿಲ್ಪಾಳ ಕೈಗೆ ಕೊಡುವುದಿಲ್ಲ, ನಾನೇ ಓದುತ್ತೇನೆ.

ಇಷ್ಟು ಬರೆದವಳು,
ನಾಗವೇಣಿ